ಗೋಡೆಗೆ ಅಂಟಿಸಿದ ಮೂರು ದಾರ

ಹೆದರಿಕೆಯಲ್ಲೂ ಹಲವು ತರದ ಮಾಲುಂಟು. ಕೆಲವರದು ಸೀಸನ್ನಿನ ಮಾಲು. ಗುಡುಗಿದಾಗ ಬರುತ್ತದೆ, ಮೋಡ ಕರಗಿದಾಗ ಹೋಗುತ್ತದೆ. ದರ್ಜಿ ಟೇಪಣ್ಣನದು ಹಾಗಲ್ಲ, ವರ್ಷವಿಡೀ ದಾಸ್ತಾನು. ಬೀದಿಯಲ್ಲಿ ನಾಯಿ ಮಲಗಿದ್ದರೆ ಆಚೆ ಬೀದಿಯಿಂದ ಸುತ್ತಿಕೊಂಡು ಬರುತ್ತಿದ್ದ. ಗ್ಯಾಸ್ ಒಲೆ ಹಚ್ಚುವಾಗ ಕೈಯನ್ನಷ್ಟೇ ಮುಂದಕ್ಕೆ ಕಳಿಸಿ, ಉಳಿದ ಮೈಯನ್ನು ಬಾಗಿಲ ಹತ್ತಿರ ಇಟ್ಟುಕೊಳ್ಳುತ್ತಿದ್ದ. ಯಾವುದಾದರೂ ಕಚೇರಿಯ ಮೊಹರು ಹೊತ್ತ ಲಕೋಟೆ ಬಂದರೆ ಎರಡು ದಿನ ದಿಂಬಿನ ಕೆಳಗಿಟ್ಟು, ಅದು ಸ್ವಲ್ಪ ತಣ್ಣಗಾಯಿತು ಅನಿಸಿದ ಮೇಲೆ ಹೆಂಡತಿಯ ಕೈಲಿ ಒಡೆಸುತ್ತಿದ್ದ.

ಅವನನ್ನು ಒಳ್ಳೆಯ ದರ್ಜಿ ಮಾಡಿದ್ದೂ ಅದೇ ಹೆದರಿಕೆ. ಬಟ್ಟೆಗೆ ಕತ್ತರಿ ಇಡುವ ಮುಂಚೆ ಮೂರು ಸಲ ಅಳೆಯುತ್ತಿದ್ದ. ಮೂರೂ ಒಂದೇ ಬಂದರೆ ಅದೇ ಅನುಮಾನವಾಗಿ ನಾಲ್ಕನೆಯ ಸಲ ಅಳೆಯುತ್ತಿದ್ದ. "ಬೇಗ ಬೇಗ ಅಳೆಯಪ್ಪಾ, ಇನ್ನೂ ಹೊತ್ತಾದ್ರೆ ನಾನೇ ದಪ್ಪ ಆಗ್ಬಿಡ್ತೀನಿ" ಎಂದು ಗಿರಾಕಿಗಳು ಕಿಚಾಯಿಸುತ್ತಿದ್ದರು. ಆದರೆ ಇಪ್ಪತ್ತೆಂಟು ವರ್ಷಗಳಲ್ಲಿ ಅವನು ಒಬ್ಬರ ಬಟ್ಟೆಯನ್ನೂ ಹಾಳು ಮಾಡಿರಲಿಲ್ಲ. ಅಳತೆಯ ಟೇಪು ಕುತ್ತಿಗೆಯಿಂದ ಇಳಿಯುತ್ತಿರಲಿಲ್ಲ. ಸ್ನಾನಕ್ಕೆ ಹೋಗುವಾಗ ಮಾತ್ರ ಇಳಿಸುತ್ತಿದ್ದ, ಅದೂ ನೆಂದರೆ ಉದ್ದವಾದೀತು ಎಂಬ ಭಯಕ್ಕೆ. ಹೆಸರು ಬಂದದ್ದು ಹಾಗೆ. ಅಪ್ಪ ಅಮ್ಮ ಇಟ್ಟ ಹೆಸರನ್ನು ಬ್ಯಾಂಕಿನವರು ಕೂಗಿದರೆ ಯಾರನ್ನೋ ಕರೆದರು ಎಂದು ಅವನೇ ಹಿಂದೆ ತಿರುಗಿ ನೋಡುತ್ತಿದ್ದ.

ಅವನ ಮನೆಯಲ್ಲಿ ಒಂದು ಪದ್ಧತಿ ಬೆಳೆದು ಬಂದಿತ್ತು. "ಅವನಿಗೆ ಹೇಳ್ಬೇಡಿ, ಹೆದರ್ತಾನೆ." ಅವನಿಗೆ ಏಳು ವರ್ಷವಿದ್ದಾಗ ಹಿತ್ತಲಲ್ಲಿ ಹಾವು ಹೊಡೆದ ದಿನ ಅಮ್ಮ "ಹಳೇ ಹಗ್ಗ ಸುಟ್ವಿ" ಎಂದಿದ್ದಳು. ಅಪ್ಪನ ಹೊಟ್ಟೆ ಕುಯ್ದಾಗ "ಊರಿಗೆ ಹೋಗಿದ್ದಾರೆ" ಎಂದಳು. ಮದುವೆಯಾಗಿ ಬಂದ ಹೆಂಡತಿಗೆ ಅತ್ತೆ ಅಡುಗೆಮನೆಯ ಬೀಗದ ಕೈಯ ಜೊತೆಗೆ ಈ ಪದ್ಧತಿಯನ್ನೂ ಒಪ್ಪಿಸಿದಳು. ಹೆಂಡತಿ ಆಸ್ಪತ್ರೆಯಲ್ಲಿ ಆಯಾ. ರಕ್ತ, ಸಾವು, ಡಾಕ್ಟರರ ಬೈಗುಳ ಎಲ್ಲವನ್ನೂ ಕಂಡವಳು. ಗುಟ್ಟು ಇಟ್ಟುಕೊಳ್ಳುವುದು ಅವಳಿಗೆ ಕಷ್ಟದ ಕೆಲಸವಲ್ಲ. ಕಳೆದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಇಬ್ಬರೂ ಸೇರಿ "ಸ್ವಲ್ಪ ಉಳುಕಿದೆ" ಎಂದಿದ್ದರು. ಎಕ್ಸ್‌ರೇ ಹಾಳೆಯಲ್ಲಿ ಗೇಣುದ್ದದ ಕಬ್ಬಿಣ ಕಂಡ ಮೇಲೆ ಟೇಪಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ. ಹೆಂಡತಿ ಒಂದು ಕೈಲಿ ಅತ್ತೆಯ ಚಕ್ರದ ಕುರ್ಚಿ ತಳ್ಳುತ್ತ ಇನ್ನೊಂದು ಕೈಲಿ ಗಂಡನಿಗೆ ಗಾಳಿ ಬೀಸಬೇಕಾಯಿತು.

ಅಂದಿನಿಂದ ಅಮ್ಮ ಮಂಚದ ಮೇಲೆ. ಹಿಡಿದು ಕೂರಿಸಿದರೆ ಕೂರುತ್ತಾಳೆ, ನಡೆಯಲು ಆಗದು. ಮಂಚ ಹಿಂದಿನ ಕೋಣೆಯಲ್ಲಿ, ಹಿತ್ತಲ ಗೋಡೆಗೆ ತಾಗಿಕೊಂಡು ಇತ್ತು. ಅಲ್ಲಿ ಕಿಟಕಿಯಿದೆ, ಬೆಳಕು ಬರುತ್ತದೆ. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಹಲ್ಲು ಕಟ್ಟಿಸಿಕೊಂಡಿದ್ದಳು, ಅವನ್ನು ಕಿಟಕಿಯ ಮೇಲಿನ ಲೋಟದಲ್ಲಿ ಮುಳುಗಿಸಿಟ್ಟು, ಯಾರನ್ನಾದರೂ ಬೈಯಬೇಕಾದಾಗ ಹಾಕಿಕೊಳ್ಳುತ್ತಿದ್ದಳು.

ಹೀಗಿರುವಾಗ ಟೇಪಣ್ಣನ ಅಂಗಡಿ ಹೋಯಿತು. ಅಂಗಡಿ ಎಂದರೆ ದೊಡ್ಡದೇನಲ್ಲ, ಒಂದು ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಮಷೀನಿನ ಮುಂದೆ ಕೂತರೆ ಮೇಲೆ ಹತ್ತುವವರ ಚಪ್ಪಲಿಯ ಸದ್ದು ನೆತ್ತಿಯ ಮೇಲೇ ಕೇಳುತ್ತಿತ್ತು. ಕಟ್ಟಡದ ಮಾಲೀಕ ಅಲ್ಲಿ ಲಿಫ್ಟು ಹಾಕಿಸಬೇಕೆಂದು ಹೊರಟ. "ತಿಂಗಳ ಕೊನೆಗೆ ಜಾಗ ಖಾಲಿ" ಎಂದ. ಟೇಪಣ್ಣ "ಆಗಲಿ ಸಾರ್" ಎಂದು, ಹೇಳಿದವನ ಅಂಗಿಯ ಸಡಿಲವಾದ ಗುಂಡಿಯನ್ನು ಹೊಲಿದು ಕೊಟ್ಟು ಬಂದ.

ಮನೆಯಲ್ಲಿ ಮಾತಾಯಿತು. ಹಿತ್ತಲ ಗೋಡೆಗೆ ಒರಗಿಸಿ ಒಂದು ಶೆಡ್ಡು ಹಾಕಿಸುವುದು. ಮುಂದೆ ಮೂರು ಕಂಬ. ಹಿಂದೆ ಕಂಬವೇ ಬೇಡ, ಮನೆಯ ಗೋಡೆಯೇ ಆಧಾರ. ಮೇಲೆ ಇಳಿಜಾರಾಗಿ ತಗಡಿನ ಶೀಟು. ಉದ್ದ ಹದಿನಾಲ್ಕಡಿ, ಅಗಲ ಎಂಟಡಿ.

"ಮಷೀನು ಮನೇಲೇ ಇರುತ್ತೆ. ಕಿಟಕಿಯಿಂದ ನನ್ನ ಕಣ್ಣೆದುರೇ ಇರ್ತೀಯ" ಎಂದಳು ಅಮ್ಮ. "ಕಾಜಾ ವಕ್ರ ಹೊಲಿದ್ರೆ ಮಲಗಿದಲ್ಲಿಂದ್ಲೇ ಹೇಳ್ತೀನಿ."

ಟೇಪಣ್ಣ ನಕ್ಷೆ ಮಾಡಿದ. ಅವನಿಗೆ ಬರುತ್ತಿದ್ದ ನಕ್ಷೆ ಒಂದೇ ತರದ್ದು: ಕಂದು ಕಾಗದ ಹರಡಿ, ಬಳಪದಲ್ಲಿ ಗೀಚಿ, ಕತ್ತರಿಸುವುದು. ಮುಂಭಾಗ ಒಂದು, ಪಕ್ಕದವು ಎರಡು, ಮಾಡು ಒಂದು. ಅಂಚಿನಲ್ಲೆಲ್ಲ ಮುಕ್ಕಾಲು ಇಂಚು ಹೊಲಿಗೆಗೆಂದು ಬಿಟ್ಟಿದ್ದ. ಕಾಗದದ ತುಂಡುಗಳಿಗೆ ಗುಂಡುಸೂಜಿ ಚುಚ್ಚಿ ನಿಲ್ಲಿಸಿ ಮೇಸ್ತ್ರಿಗೆ ತೋರಿಸಿದ.

ಮೇಸ್ತ್ರಿ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಸುತ್ತ ತಿರುಗಿಸಿ ನೋಡಿದ. "ಚೆನ್ನಾಗಿದೆ ಟೇಪಣ್ಣ. ಕಾಲರ್ ಎಲ್ಲಿ?"

"ತಮಾಷೆ ಬೇಡ ಮೇಸ್ತ್ರಿ. ಯಾವಾಗ ಶುರು ಮಾಡ್ತೀಯ?"

"ನಾಳೆ."

ಈ ಮೇಸ್ತ್ರಿಗೆ ಊರು ಇಟ್ಟ ಹೆಸರೇ ನಾಳೆ ಮೇಸ್ತ್ರಿ. ಕೆಲಸದಲ್ಲಿ ಕೈ ಚೊಕ್ಕ, ಮಾತಿನಲ್ಲೂ ಸುಳ್ಳಿಲ್ಲ. ಯಾವ ನಾಳೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಒಂದು ನಾಳೆ ಬಂದು ಕಂಬಕ್ಕೆ ಮೂರು ಗುಂಡಿ ತೋಡಿಸಿ, ಕಂಬ ನೆಟ್ಟು, ಕಾಂಕ್ರೀಟು ಸುರಿದ. ಹೋಗುವಾಗ ಮನೆಯ ಗೋಡೆಯನ್ನು ತೋರಿಸಿ ಹೇಳಿದ, "ಇಲ್ಲಿ ಉದ್ದಕ್ಕೆ ಒಂದು ಸಾಲು ಕೊರೀಬೇಕು. ಶೀಟಿನ ಮೇಲಂಚು ಅದರೊಳಗೆ ಕೂರುತ್ತೆ. ಇಲ್ಲಾಂದ್ರೆ ಮಳೆ ನೀರು ಗೋಡೆಗುಂಟ ಇಳಿದು ನಿನ್ನ ಬಟ್ಟೆ ಮೇಲೆ ಬೀಳುತ್ತೆ. ನಾಳೆ ಬಂದು ಕೊರೀತೀನಿ."

ಆ ನಾಳೆ ನಾಲ್ಕು ದಿನವಾದರೂ ಬರಲಿಲ್ಲ. ಮೇಸ್ತ್ರಿ ಬೇರೆ ಕಡೆ ತಾರಸಿ ಹಾಕಿಸುತ್ತಿದ್ದ. ಇತ್ತ ಮೆಟ್ಟಿಲ ಕೆಳಗೆ ಮಾಲೀಕನ ಕಡೆಯವರು ಬಂದು ಅಳತೆ ತೆಗೆದುಕೊಂಡು ಹೋದರು. ಅಳತೆ ತೆಗೆಯುವಾಗ ಅವರ ಟೇಪಿನ ತುದಿ ಹಿಡಿದದ್ದೂ ಟೇಪಣ್ಣನೇ. ಗೋಡೆ ಮುಟ್ಟಲು ಹೆದರಿಕೆ, ಮಾಲೀಕನ ಮುಖ ನೋಡಲು ಅದಕ್ಕಿಂತ ಹೆದರಿಕೆ. ದೊಡ್ಡ ಹೆದರಿಕೆ ಗೆದ್ದಿತು. ಐದನೆಯ ದಿನ ಉಳಿ ಸುತ್ತಿಗೆ ತಂದು ತಾನೇ ನಿಂತ.

ಬಟ್ಟೆಗೆ ಗುರುತು ಹಾಕುವ ಬಳಪದಲ್ಲಿ ಗೆರೆ ಎಳೆದ, ಹದಿನಾಲ್ಕಡಿ, ಒಂದು ಕೂದಲೆಳೆಯಷ್ಟೂ ಡೊಂಕಿಲ್ಲದ ಹಾಗೆ. ಬೆಳಗ್ಗೆ ಎಂಟಕ್ಕೆ ಉಳಿ ಇಟ್ಟವನು ಸಂಜೆ ಐದರ ಹೊತ್ತಿಗೆ ಈ ತುದಿಯಿಂದ ಆ ತುದಿಯವರೆಗೆ ಕೊರೆದು ಮುಗಿಸಿದ. ಹಳೆಯ ಇಟ್ಟಿಗೆ, ಒಳಗೆ ಮಣ್ಣಿನ ಗಾರೆ. ಬೆರಳು ಹಾಕಿದರೆ ಉದುರುತ್ತಿತ್ತು. ಸುಲಭವಾಗಿ ಬರುತ್ತಿದೆಯಲ್ಲ ಎಂದು ಖುಷಿಯಾಗಿ ಇನ್ನಷ್ಟು ಆಳಕ್ಕೆ ಹೋದ. ಆಳ ಎಲ್ಲೆಡೆ ಒಂದೇ ಸಮ ಇರಲೆಂದು ಕತ್ತರಿಯ ಅಲಗು ತೂರಿಸಿ ನೋಡಿದ; ಅಲಗು ಪೂರ್ತಿ ಒಳಗೆ ಹೋಗುತ್ತಿತ್ತು. ಗೇಣಿಗೆ ಸ್ವಲ್ಪ ಕಡಿಮೆ.

ಗೋಡೆ ಕೊರೆಯುವವರು ಮೊಳದುದ್ದ ಕೊರೆಯುತ್ತಾರೆ, ಅದನ್ನು ಸಿಮೆಂಟಿನಿಂದ ತುಂಬುತ್ತಾರೆ, ಅದು ಗಟ್ಟಿಯಾದ ಮೇಲೆ ಪಕ್ಕದ ಮೊಳಕ್ಕೆ ಹೋಗುತ್ತಾರೆ. ಮೇಲಿನ ಭಾರ ಕೆಳಗಿಳಿಯಲು ಎಲ್ಲಾದರೂ ದಾರಿ ಇರಬೇಕಲ್ಲ. ಇದನ್ನು ಮೇಸ್ತ್ರಿ ಹೇಳಿರಲಿಲ್ಲ. ಗೊತ್ತಿದ್ದವರಿಗೆ ಇದು ಹೇಳಬೇಕಾದ ಮಾತು ಅನಿಸುವುದೇ ಇಲ್ಲ. ದರ್ಜಿಗೆ ಗೊತ್ತಿದ್ದದ್ದು ಬೇರೆ: ತೋಳು ಕೂಡಿಸುವ ಮುಂಚೆ ಹಳೆಯ ಹೊಲಿಗೆಯನ್ನು ಆ ತುದಿಯಿಂದ ಈ ತುದಿಗೆ ಪೂರ್ತಿ ಬಿಚ್ಚಬೇಕು. ಅರ್ಧ ಬಿಚ್ಚಿ ಅರ್ಧ ಬಿಟ್ಟರೆ ಬಟ್ಟೆ ಎಳೆದುಕೊಳ್ಳುತ್ತದೆ. ಟೇಪಣ್ಣ ತನ್ನ ಮನೆಯ ಹಿತ್ತಲ ಗೋಡೆಯ ಹೊಲಿಗೆಯನ್ನು ಪೂರ್ತಿ ಬಿಚ್ಚಿದ್ದ.

ಸಂಜೆ ಮೇಸ್ತ್ರಿಗೆ ಫೋನು ಮಾಡಿದ. "ಸಾಲು ನಾನೇ ಕೊರೆದೆ."

"ಕೊರೆದ್ಯಾ? ಭಲೇ! ನನ್ನ ಕೆಲಸ ಉಳಿಸ್ದೆ. ನಾಳೆ ಬರ್ತೀನಿ" ಎಂದ ಮೇಸ್ತ್ರಿ. ಎಷ್ಟು ಉದ್ದ, ಎಷ್ಟು ಆಳ ಎಂದು ಕೇಳಲಿಲ್ಲ. ದರ್ಜಿಯ ಕೈಲಿ ಎಷ್ಟಾದೀತು ಎಂದುಕೊಂಡಿರಬೇಕು.

ಎರಡು ದಿನ ಕಳೆದು, ಹಲ್ಲುಜ್ಜುತ್ತ ಹಿತ್ತಲಿಗೆ ಬಂದ ಟೇಪಣ್ಣ ಸಾಲಿನ ಎಡತುದಿಯಿಂದ ಕೆಳಕ್ಕೆ ಇಳಿದ ಒಂದು ಗೆರೆ ಕಂಡ. ಬಳಪದ ಗೆರೆ ಎಂದುಕೊಂಡು ಬೆರಳಿನಿಂದ ಒರೆಸಿದ. ಅದು ಹೋಗಲಿಲ್ಲ. ಉಗುರು ಅದರೊಳಗೆ ಇಳಿಯಿತು. ಬಾಯಲ್ಲಿದ್ದ ನೊರೆಯನ್ನು ಉಗುಳಲು ಮರೆತು ನುಂಗಿದ.

ಗೋಡೆಯ ಆಚೆಗೆ ಅಮ್ಮ ಕೆಮ್ಮಿದ್ದು ಕೇಳಿಸಿತು. ಅಷ್ಟು ಹತ್ತಿರ. ಗೆರೆಗೂ ಅಮ್ಮನಿಗೂ ನಡುವೆ ಒಂದು ಮೊಳವೂ ಇಲ್ಲ ಎಂದು ಅವನಿಗೆ ಅಳೆಯದೆಯೇ ಗೊತ್ತಾಯಿತು.

ಬೇರೆ ದಿನವಾಗಿದ್ದರೆ ಕೂಗಿಕೊಂಡು ಒಳಗೆ ಓಡುತ್ತಿದ್ದ. ಅವತ್ತು ಓಡಲಿಲ್ಲ. ಯಾರಿಗೆ ಹೇಳುವುದು? ನಡೆಯಲಾರದ ಮುದುಕಿಗೆ, ನಿನ್ನ ತಲೆಯ ಮೇಲಿನ ಗೋಡೆಯನ್ನು ನಾನೇ ಕೊಯ್ದಿದ್ದೇನೆ ಎಂದು ಹೇಳುವುದೇ? ಹನ್ನೆರಡು ಗಂಟೆ ದುಡಿದು ಬರುವ ಹೆಂಡತಿಗೆ ಹೇಳುವುದೇ? ಅವರು ಹೆದರುತ್ತಾರೆ. ನಲವತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಅವನು ಮನೆಯ ಪದ್ಧತಿಯನ್ನು ತಾನೇ ಕೈಗೆತ್ತಿಕೊಂಡ.

ಆದರೂ ಗೆರೆ ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಬೇಕು. ಬಿಳಿ ದಾರದ ಉಂಡೆ ತಂದ. ಬಿರುಕಿಗೆ ಅಡ್ಡಲಾಗಿ ಮೂರು ಕಡೆ ದಾರವನ್ನು ಬಿಗಿಯಾಗಿ ಎಳೆದು, ಎರಡೂ ತುದಿಗೆ ಗೋಂದು ಹಚ್ಚಿ ಗೋಡೆಗೆ ಅಂಟಿಸಿದ. ಬಿರುಕು ಬಾಯಿ ಬಿಟ್ಟರೆ ದಾರ ಹರಿಯಬೇಕು. ಬೆಳಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ನೋಡುವುದು. ಹೆಂಡತಿ ಕೇಳಿದಳು, "ಏನ್ರೀ, ಗೋಡೆಗೂ ಹೊಲಿಗೆ ಹಾಕಿದ್ದೀರಾ?"

"ಶೀಟಿನ ಮಟ್ಟ ನೋಡೋಕೆ" ಎಂದ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವನಿಗೇ ತಿಳಿದಿರಲಿಲ್ಲ.

ಮೂರನೆಯ ದಿನ ಮೇಲಿನ ದಾರ ಹರಿದಿತ್ತು. ತನಗೆ ತಾನೇ ಸಮಾಧಾನ ಹೇಳಿಕೊಂಡ: ಹಳೆಯ ದಾರ, ಬಿಸಿಲಿಗೆ ಜೀರ್ಣವಾಗಿರಬೇಕು. ಅಲ್ಲಿಗೆ ಜೀನ್ಸ್ ಹೊಲಿಯುವ ದಪ್ಪ ದಾರ ಅಂಟಿಸಿದ. ಐದನೆಯ ದಿನ ನಡುವಿನದು ಹರಿಯಿತು. ಅಲ್ಲಿಗೆ ಚೀಲ ಹೊಲಿಯುವ ನೈಲಾನ್ ದಾರ ಹಾಕಿದ. ಹರಿಯಬೇಕೆಂದೇ ಕಟ್ಟಿದ ದಾರವನ್ನು ಹರಿಯದ ಹಾಗೆ ಗಟ್ಟಿ ಮಾಡುತ್ತ ಹೋದ. ಭಯಪಟ್ಟವನ ವ್ಯಾಪಾರ ಯಾವಾಗಲೂ ಹೀಗೆಯೇ. ತಕ್ಕಡಿಯನ್ನೇ ಹಿಡಿದು ನಿಲ್ಲಿಸಿ ತೂಕ ಸರಿಯಿದೆ ಅನ್ನುತ್ತಾನೆ.

ಮೇಸ್ತ್ರಿಗೆ ಫೋನು ಮಾಡದೆ ಇರಲಿಲ್ಲ. "ಗೋಡೆ ಹೊರಗಡೆ ಸಣ್ಣ ಗೆರೆ ಬಂದಿದೆ ಮೇಸ್ತ್ರಿ. ತುಂಬಾ ಸಣ್ಣದು. ದಾರದಷ್ಟು. ಮನೆಯವರಿಗೆ ಹೇಳ್ಬೇಡ." ದೊಡ್ಡದು ಎನ್ನಲು ನಾಲಿಗೆ ಹೊರಳಲಿಲ್ಲ, ಎಂದರೆ ಅದು ದೊಡ್ಡದೇ ಆಗಿಬಿಡುತ್ತದಲ್ಲ.

"ಗಿಲಾವು ಒಣಗಿ ಸೀಳುತ್ತೆ, ಅದೇನಿಲ್ಲ. ನಾಳೆ ಬಂದು ನೋಡ್ತೀನಿ. ನೀನೂ ಹೇಳಿ ಗಾಬರಿ ಮಾಡ್ಬೇಡ."

ಈ ಮಧ್ಯೆ ಅವನು ಇನ್ನೊಂದು ಕೆಲಸ ಮಾಡಿದ. ಅಮ್ಮನ ಹಾಸಿಗೆಗೆ ಹೊಸ ಗವಸು ಹೊಲಿದ, ದಪ್ಪ ಕ್ಯಾನ್ವಾಸಿನದು. ತಲೆಯ ಕಡೆ ಎರಡು, ಕಾಲ ಕಡೆ ಎರಡು ಹಿಡಿಕೆ ಇಟ್ಟು, ಪ್ರತಿ ಹಿಡಿಕೆಗೂ ನಾಲ್ಕು ಸಾಲು ಹೊಲಿಗೆ ಹಾಕಿದ.

"ಇದೇನೋ, ಹಾಸಿಗೆಗೆ ಕಿವಿ?" ಎಂದಳು ಅಮ್ಮ.

"ಬಿಸಿಲಿಗೆ ಹಾಕೋಕೆ ಎತ್ತಬೇಕಲ್ಲಮ್ಮ."

"ನನ್ನ ಸಮೇತ ಬಿಸಿಲಿಗೆ ಹಾಕ್ತೀಯೋ ಹೇಗೆ?"

ಅವನು ನಕ್ಕ. ನಗುತ್ತಿದ್ದಾಗ ಅಮ್ಮನ ಭುಜದ ಮೇಲೆ, ಕಿವಿಯ ಹಿಂದೆ, ಬಿಳಿ ಪುಡಿ ಕಂಡಿತು. ಅವನು ನೋಡಿದ್ದನ್ನು ನೋಡಿ ಹೆಂಡತಿ ಥಟ್ಟನೆ ಸೆರಗಿನಿಂದ ಒರೆಸಿದಳು. "ನಿಮ್ಮಮ್ಮನಿಗೆ ಈ ವಯಸ್ಸಲ್ಲಿ ಪೌಡರ್ ಶೋಕಿ ರೀ. ಡಬ್ಬಿಗಟ್ಟಲೆ ಸುರ್ಕೋತಾರೆ."

"ಮಲಗಿದವಳು ಚೆನ್ನಾಗಿ ಕಾಣಬಾರ್ದಾ?" ಎಂದಳು ಅಮ್ಮ. ಮಂಚದ ಮೇಲುಗಡೆ ಗೋಡೆಗೆ ಎರಡು ಮೊಳೆ ಹೊಡೆದು ಅಮ್ಮನ ಕಂದು ಶಾಲನ್ನು ಅಗಲಕ್ಕೆ ತೂಗುಹಾಕಿದ್ದರು. ಅದು ಯಾಕೆ ಎಂದದ್ದಕ್ಕೆ, ಗೋಡೆ ತಣ್ಣಗಿದೆ, ಬೆನ್ನಿಗೆ ಚಳಿ ಹೊಡೆಯುತ್ತದೆ ಎಂದಳು. ಟೇಪಣ್ಣ ನಂಬಿದ. ಈ ಇಬ್ಬರು ಹೇಳಿದ್ದನ್ನು ನಂಬುವ ಅಭ್ಯಾಸ ಅವನಿಗೆ ಚಿಕ್ಕಂದಿನಿಂದಲೇ ಇತ್ತು.

ಹತ್ತನೆಯ ದಿನ ಮಧ್ಯಾಹ್ನ ಹೆಂಡತಿ ಕೆಲಸಕ್ಕೆ ಹೋಗಿದ್ದಾಗ ಲಾರಿ ಬಂತು. ಶೀಟುಗಳು, ಕಬ್ಬಿಣದ ಪೈಪುಗಳು. ಇಳಿಸುವವರು ಇಬ್ಬರು, ಇಬ್ಬರೂ ದಾಂಡಿಗರು, ಇಬ್ಬರಿಗೂ ಅವಸರ. ಪೈಪುಗಳನ್ನು ತಂದು ಸೀದಾ ಹಿತ್ತಲ ಗೋಡೆಗೆ ಒರಗಿಸಿದರು, ಆ ಸಾಲಿಗಿಂತ ಒಂದು ಮೊಳ ಮೇಲಕ್ಕೆ.

"ಅಣ್ಣಾ, ಅಲ್ಲಿ ಬೇಡ..." ಎಂದ ಟೇಪಣ್ಣ. ಅವನ ದನಿ ಅವನ ಕುತ್ತಿಗೆಯ ಟೇಪನ್ನೂ ದಾಟಲಿಲ್ಲ.

"ಏನಂದ್ರಿ?"

"ಏನಿಲ್ಲ. ನಿಧಾನಕ್ಕೆ ಅಂದೆ."

ಶೀಟುಗಳನ್ನೂ ಅಲ್ಲೇ ಒರಗಿಸಿ ಅವರು ಹೋದರು. ಲಾರಿಯ ಸದ್ದು ಬೀದಿ ತಿರುವಿನಲ್ಲಿ ಅಡಗಿತು. ಆಗ ಇನ್ನೊಂದು ಸದ್ದು ಕೇಳಿಸಿತು. ಒಣ ಬಟ್ಟೆಯನ್ನು ಬಹಳ ನಿಧಾನವಾಗಿ ಹರಿದಂತೆ. ದರ್ಜಿಗೆ ಅದಕ್ಕಿಂತ ಚೆನ್ನಾಗಿ ಗೊತ್ತಿರುವ ಸದ್ದು ಬೇರೊಂದಿಲ್ಲ.

ಅವನು ದಾರ ನೋಡಿದ. ಕೆಳಗಿನ ಬಿಳಿ ದಾರ ಹರಿದು ಜೋತಿತ್ತು. ಜೀನ್ಸ್ ದಾರವೂ ಹರಿದಿತ್ತು. ನೈಲಾನ್ ದಾರ ಹರಿದಿರಲಿಲ್ಲ. ಅದು ಗೋಂದು ಹತ್ತಿದ್ದ ಗಿಲಾವಿನ ಚಕ್ಕೆಯನ್ನೇ ಕಿತ್ತುಕೊಂಡು ಗಾಳಿಯಲ್ಲಿ ತೂಗಾಡುತ್ತಿತ್ತು. ಬಿರುಕಿನೊಳಗೆ ಈಗ ಅವನ ಕಿರುಬೆರಳು ಹೋಗುವಷ್ಟು ಜಾಗ.

ಮೊದಲು ಅನಿಸಿದ್ದು ಪೈಪುಗಳನ್ನು ಎತ್ತಿಡೋಣ ಎಂದು. ಕೈ ಚಾಚಿದವನು ಹಿಂದೆಗೆದ. ಒತ್ತಿ ಹಿಡಿದಿರುವುದು ಅವೇ ಆಗಿದ್ದರೆ? ಓಡು ಎಂದು ಕಾಲು ಹೇಳಿತು. ಕಾಲಿನ ಮಾತನ್ನು ಅವನು ಜೀವನವಿಡೀ ಕೇಳುತ್ತ ಬಂದವನು, ಇವತ್ತೂ ಕೇಳಿದ, ಓಡಿದ. ಓಡಿದ್ದು ಮಾತ್ರ ಬೀದಿಗಲ್ಲ. ಮನೆ ಸುತ್ತಿ, ಮುಂಬಾಗಿಲಿನಿಂದ ಒಳಹೊಕ್ಕು, ನಡುಮನೆ ದಾಟಿ, ಅಮ್ಮನ ಕೋಣೆಗೆ.

ಅಮ್ಮ ಎಚ್ಚರವಾಗಿದ್ದಳು. ಎದೆಯ ಮೇಲೆಲ್ಲ ಬಿಳಿ ಪುಡಿ. ಶಾಲಿನ ಕೆಳಗಿನಿಂದ ಅದು ಸಣ್ಣಗೆ ಸುರಿಯುತ್ತಲೇ ಇತ್ತು.

"ಅಮ್ಮಾ..." ಎಂದ.

ಅಮ್ಮ ಅವನ ಮುಖ ನೋಡಿದಳು. "ಓಹೋ. ಆ ಕಡೆಗೂ ಬಂದಿದೆಯಾ?"

ಅವನು ಶಾಲನ್ನು ಒಂದು ಬದಿ ಎತ್ತಿದ. ಒಳಗೋಡೆಯ ಮೇಲೆ, ಹೊರಗೆ ತಾನು ಕೊರೆದ ಸಾಲಿನ ಎತ್ತರಕ್ಕೇ ಸರಿಯಾಗಿ, ಮಂಚದ ಉದ್ದಕ್ಕೂ ಒಂದು ಬಿರುಕು ಕರ್ರಗೆ ಬಾಯಿ ಬಿಟ್ಟಿತ್ತು.

"ಎಷ್ಟು ದಿನದಿಂದ?"

"ವಾರ ಆಯ್ತು. ಪೌಡರ್ ಅಲ್ಲ ಕಣೋ, ಗೋಡೆ. ನಿನ್ನ ಹೆಂಡ್ತಿ ಮೇಸ್ತ್ರಿಗೆ ಹೇಳಿದ್ಲು. ಸಣ್ಣ ಗೆರೆ ಅಂದಿದ್ಲು. ನಾಳೆ ಬರ್ತೀನಿ ಅಂದಿದ್ದಾನೆ."

"ನನಗ್ಯಾಕೆ ಹೇಳಲಿಲ್ಲ?"

"ನೀನು ಹೆದರ್ತೀಯ ಅಂತ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಪುರುಸೊತ್ತಿರಲಿಲ್ಲ. ತಲೆಯ ಕಡೆಯ ಎರಡು ಹಿಡಿಕೆಗಳಿಗೆ ಕೈ ಹಾಕಿದ. "ಅಮ್ಮ, ಸೊಂಟ ನೋಯುತ್ತೆ."

"ಎಳಿಯೋ. ನೋಯೋಕೆ ಸೊಂಟ ಇದ್ದರೆ ತಾನೇ ನೋಯೋದು."

ಹಾಸಿಗೆಯನ್ನು ಮಂಚದಿಂದ ಇಳಿಸುವಾಗ ಅಮ್ಮ ಕಿರುಚಿದಳು. ಅವನೂ ಅವಳಿಗಿಂತ ಜೋರಾಗಿ ಕಿರುಚಿದ. ತೆಳ್ಳಗಿನ ಆಳು, ಸೂಜಿ ಕತ್ತರಿ ಬಿಟ್ಟು ಭಾರದ್ದೇನೂ ಎತ್ತಿದವನಲ್ಲ. ಆದರೆ ನಾಲ್ಕು ಸಾಲು ಹೊಲಿಗೆ ಹಾಕಿದ ಹಿಡಿಕೆ ಕಿತ್ತು ಬರಲಿಲ್ಲ. ಹಾಸಿಗೆ ನೆಲದ ಮೇಲೆ ಸರಸರ ಜಾರಿತು. ಕೋಣೆಯ ಹೊಸ್ತಿಲಲ್ಲಿ ಸಿಕ್ಕಿಕೊಂಡಿತು. ಒಂದು ಸಲ ಜಗ್ಗಿದ, ಎರಡು ಸಲ ಜಗ್ಗಿದ. ಮೂರನೆಯ ಸಲಕ್ಕೆ ಹಾರಿ ಈಚೆ ಬಂತು. ನಡುಮನೆ, ಮುಂಬಾಗಿಲು, ಬಾಗಿಲ ಮುಂದಿನ ಕಟ್ಟೆ. ಅಲ್ಲಿಗೆ ಅವನ ಬಲ ಮುಗಿಯಿತು. ಅಮ್ಮನ ಪಕ್ಕದಲ್ಲಿ ಕುಸಿದು ಕೂತ.

ಏನೂ ಆಗಲಿಲ್ಲ.

ಬೀದಿಯಲ್ಲಿ ಸೈಕಲ್ಲು ಹೋಯಿತು. ಎದುರುಮನೆಯಾಕೆ ಒಣಹಾಕಿದ್ದ ಬಟ್ಟೆ ತೆಗೆಯುತ್ತಿದ್ದವಳು ಇವರನ್ನು ನೋಡಿ ಕೈಯಲ್ಲಿ ಬಟ್ಟೆ ಹಿಡಿದುಕೊಂಡೇ ನಿಂತಳು. ಐದು ನಿಮಿಷವಾಯಿತು. ಹತ್ತಾಯಿತು. ಮನೆ ತನ್ನ ಪಾಡಿಗೆ ನಿಂತಿತ್ತು. ಟೇಪಣ್ಣನಿಗೆ ಹೆದರಿಕೆಯ ಜೊತೆಗೆ ನಾಚಿಕೆಯೂ ಸೇರಿಕೊಂಡಿತು.

"ಗೋಡೆ ಬೀಳದಿದ್ರೆ, ಇವಳು ಕೆಲಸದಿಂದ ಬಂದ ಮೇಲೆ ಏನು ಹೇಳೋದು?" ಎಂದ ಮೆಲ್ಲಗೆ.

"ಬಿಸಿಲಿಗೆ ಹಾಕಿದ್ದೆ ಅನ್ನು" ಎಂದಳು ಅಮ್ಮ. ನೋವಿನಿಂದ ಅವಳ ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಾಯಿ ಮುಟ್ಟಿಕೊಂಡಳು. "ಲೋ. ಹಲ್ಲು ಒಳಗೇ ಉಳೀತು."

ಅವನು ಎದ್ದ. ಹತ್ತು ನಿಮಿಷ ನಿಂತ ಗೋಡೆ ಇನ್ನೊಂದು ನಿಮಿಷ ನಿಲ್ಲದೇ? ಲೋಟ ಕಿಟಕಿಯ ಮೇಲೇ ಇದೆ, ಕೈ ಚಾಚಿದರೆ ಸಿಗುತ್ತದೆ. ನಡುಮನೆ ದಾಟಿ ಕೋಣೆಯ ಬಾಗಿಲಿಗೆ ಬಂದ. ಒಂದು ಕಾಲು ಹೊಸ್ತಿಲ ಆಚೆ ಇಟ್ಟ. ಮೂಲೆಯಲ್ಲಿ, ಅಂಗಡಿಯಿಂದ ತಂದಿಟ್ಟ ಮಷೀನು ಕಂಡಿತು. ಲೋಟ ಕಂಡಿತು. ಲೋಟದ ನೀರು ಕಂಡಿತು, ಅದರ ಮೇಲೆ ಸಣ್ಣ ಸಣ್ಣ ಅಲೆ. ಆಮೇಲೆ ಶಾಲು ಕಂಡಿತು.

ಶಾಲು ಗೋಡೆಯ ಮೇಲೆ ತೂಗಿತ್ತು. ಫ್ಯಾನು ನಿಂತಿತ್ತು, ಗಾಳಿಯಿರಲಿಲ್ಲ. ಆದರೂ ಶಾಲಿನ ಕೆಳಗಿನ ಅಂಚು ಗೋಡೆಯಿಂದ ನಿಧಾನವಾಗಿ ದೂರ ಬರುತ್ತಿತ್ತು. ನಿಜಕ್ಕೆ ಶಾಲು ನೇರವಾಗಿಯೇ ತೂಗುತ್ತಿತ್ತು. ಅದರ ಮೊಳೆ ಹೊಡೆದ ಗೋಡೆಯ ಮೇಲ್ಭಾಗ ಒಳಕ್ಕೆ ಬಾಗುತ್ತಿತ್ತು.

"ಹಲ್ಲು ಬೇಡ! ಬಾರೋ ಈಚೆ!" ಅಮ್ಮ ಕಟ್ಟೆಯಿಂದ ಕೂಗಿದಳು. ಅವಳಿಗೆ ಏನೂ ಕಾಣುತ್ತಿರಲಿಲ್ಲ, ಮಗನ ಬೆನ್ನು ಬಿಟ್ಟು.

ಅವನು ಹಿಂದಕ್ಕೆ ಹಾರಿದ. ಗೋಡೆ ಬಿದ್ದ ಸದ್ದು ಅವನಿಗೆ ನೆನಪಿಲ್ಲ. ನೆನಪಿರುವುದು ಧೂಳು, ಅದರಾಚೆ ಇದ್ದಕ್ಕಿದ್ದ ಹಾಗೆ ಕಂಡ ಹಿತ್ತಲು, ಅಲ್ಲಿ ನಿಂತಿದ್ದ ಮೂರು ಹೊಸ ಕಂಬಗಳು. ಮಂಚ ಕಾಣಲಿಲ್ಲ. ಮಂಚವಿದ್ದಲ್ಲಿ ಎದೆಯೆತ್ತರದ ಇಟ್ಟಿಗೆ ರಾಶಿ.

ಹೆಂಡತಿ ಆಸ್ಪತ್ರೆಯ ಬಟ್ಟೆಯಲ್ಲೇ ಓಡಿ ಬಂದಳು. ಎದುರುಮನೆಯಾಕೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ್ದಳು. ಆದರೂ ಅತ್ತೆಯನ್ನು ಮುಟ್ಟಿ ನೋಡಿದಳು, ಗಂಡನನ್ನು ಮುಟ್ಟಿ ನೋಡಿದಳು, ಆಮೇಲೆ ಗಂಡನ ಬೆನ್ನಿಗೆ ಒಂದು ಗುದ್ದು ಕೊಟ್ಟು ಅಳತೊಡಗಿದಳು. ಅವಳು ಅತ್ತದ್ದನ್ನು ಟೇಪಣ್ಣ ಅಲ್ಲಿಯವರೆಗೆ ನೋಡಿರಲಿಲ್ಲ. ಅದನ್ನೂ ಅವನಿಂದ ಮುಚ್ಚಿಟ್ಟಿದ್ದಳೋ ಏನೋ.

ಮೇಸ್ತ್ರಿ ಅವತ್ತೇ ಬಂದ. ಅವನು ಅವತ್ತೇ ಬಂದದ್ದನ್ನು ಊರಿನವರು ಗೋಡೆ ಬಿದ್ದದ್ದಕ್ಕಿಂತ ದೊಡ್ಡ ಸುದ್ದಿ ಮಾಡಿದರು. ಉಳಿದ ಮಾಡಿಗೆ ನಾಲ್ಕು ಊರುಗೋಲು ಕೊಟ್ಟು ನಿಲ್ಲಿಸಿ, ಸಾಲಿನ ತುಂಡೊಂದನ್ನು ಎತ್ತಿ ಅದರ ಆಳಕ್ಕೆ ಕೈ ತೂರಿಸಿ ನೋಡಿದ. ಅವನ ಮುಖ ಗಾರೆಯ ಬಣ್ಣಕ್ಕೆ ತಿರುಗಿತ್ತು.

"ಇಷ್ಟನ್ನೂ ಒಂದೇ ಸಲಕ್ಕೆ ಕೊರೆದ್ಯಾ?"

"ಹೊಲಿಗೆ ಬಿಚ್ಚೋದಾದ್ರೆ ಪೂರ್ತಿ ಬಿಚ್ಚಬೇಕಲ್ಲ ಮೇಸ್ತ್ರಿ."

ಮೇಸ್ತ್ರಿ ತುಂಡನ್ನು ಕೆಳಗಿಟ್ಟ. "ನೀನು ಹೊರಗೆ ಸಣ್ಣ ಗೆರೆ ಅಂದೆ. ನಿನ್ನ ಹೆಂಡ್ತಿ ಒಳಗೆ ಸಣ್ಣ ಗೆರೆ ಅಂದ್ರು. ಇಬ್ರೂ ಇನ್ನೊಬ್ಬರಿಗೆ ಹೇಳ್ಬೇಡ ಅಂದ್ರಿ. ಎರಡೂ ಗಿಲಾವಿನ ಗೆರೆ ಅಂದ್ಕೊಂಡೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡೋ ಬುದ್ಧಿ ನನಗಾದ್ರೂ ಬರಬೇಕಿತ್ತು." ಇಟ್ಟಿಗೆ ರಾಶಿಯ ಕಡೆ ನೋಡಿ, "ಬಂದು ನೋಡಿದ್ರೆ ಸಾಕಿತ್ತು" ಎಂದ.

"ಹೌದು, ಸಾಕಿತ್ತು" ಎಂದಳು ಅಮ್ಮ ಕಟ್ಟೆಯಿಂದ, ಹಲ್ಲಿಲ್ಲದ ಬಾಯಲ್ಲೇ.

ಗೋಡೆಯನ್ನು ಮತ್ತೆ ಕಟ್ಟಿದರು, ಈ ಸಲ ಸಿಮೆಂಟಿನಲ್ಲಿ. ಶೆಡ್ಡೂ ಆಯಿತು, ಆದರೆ ಮನೆಗೆ ಒರಗಲಿಲ್ಲ. ಹಿಂದೆಯೂ ಮೂರು ಕಂಬ ನೆಡಿಸಿದ ಟೇಪಣ್ಣ, ಗೋಡೆಗೂ ಶೆಡ್ಡಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿಸಿದ. ಮೇಲಿನಿಂದ ನೀರು ಇಳಿಯದಂತೆ ತಗಡು ಮಡಿಸಿ ಹೊದಿಸಿದರು. ಮಷೀನಿನ ಚಕ್ರ ಸೊಟ್ಟಗಾಗಿತ್ತು, ಬೇರೆ ಹಾಕಿಸಿದ. ಹಲ್ಲು ಇಟ್ಟಿಗೆಯಡಿ ಲೋಟದ ಸಮೇತ ಸಿಕ್ಕಿತು. ಲೋಟ ಚಪ್ಪಟೆ, ಹಲ್ಲಿಗೆ ಒಂದು ಗೀರೂ ಇಲ್ಲ. ಅಮ್ಮ ತನ್ನ ಹೊಸ ಮಂಚವನ್ನು ಹಗಲು ಹೊತ್ತು ಶೆಡ್ಡಿನಲ್ಲೇ ಹಾಕಿಸಿಕೊಂಡಳು.

ಮನೆಯ ಹಳೆಯ ಪದ್ಧತಿ ಗೋಡೆಯ ಜೊತೆಗೇ ಬಿತ್ತು. ಈಗ ಟೇಪಣ್ಣನಿಗೆ ಎಲ್ಲವನ್ನೂ ಹೇಳುತ್ತಾರೆ. ಹೆಂಡತಿ ಆಸ್ಪತ್ರೆಯಿಂದ ಬಂದವಳೇ, ಎಷ್ಟು ಜನಕ್ಕೆ ಯಾವ ಜ್ವರ ಬಂದಿದೆ ಎಂದು ಹೇಳುತ್ತಾಳೆ. "ಏನ್ರೀ, ಗ್ಯಾಸ್ ಪೈಪು ತುದೀಲಿ ಸೀಳಿದ ಹಾಗಿದೆ, ಸ್ವಲ್ಪ ಹೆದರಿ" ಎನ್ನುತ್ತಾಳೆ. ಅವನು ಹೆದರುತ್ತಾನೆ, ಹೋಗಿ ಹೊಸ ಪೈಪು ತರುತ್ತಾನೆ. ಅಮ್ಮ ಮಂಚದ ಮೇಲಿಂದ, "ಲೋ, ನಿನ್ನ ಬೆನ್ನ ಹಿಂದಿನ ಕಂಬದ ಮೇಲೆ ಜರಿಹುಳ ಹತ್ತುತ್ತಿದೆ" ಎನ್ನುತ್ತಾಳೆ. ಮಷೀನು ಅಲ್ಲಿಗೇ ನಿಲ್ಲುತ್ತದೆ. ಮುಂಚಿಗಿಂತ ಮೂರು ಪಟ್ಟು ಹೆದರಿಕೆ ಅವನ ದಾಸ್ತಾನಿಗೆ ಬಂದು ಬಿದ್ದಿದೆ. ಎದೆ ಹಗಲೆಲ್ಲ ಡವಗುಟ್ಟುತ್ತದೆ. ಬೇಡ ಎಂದು ಒಂದು ದಿನವೂ ಅಂದಿಲ್ಲ.

ಹೊಸ ಗೋಡೆಗೂ ಶೆಡ್ಡಿನ ಕಂಬಕ್ಕೂ ನಡುವೆ ಅವನು ಮತ್ತೆ ಮೂರು ದಾರ ಅಂಟಿಸಿದ್ದಾನೆ. ಮೂರೂ ಬಿಳಿ ದಾರ, ತೆಳುವಾದದ್ದು, ಮುಟ್ಟಿದರೆ ಹರಿಯುವಂಥದ್ದು.

"ದಾರ ಹೇಗಿದೆಯೋ?" ಎಂದು ಅಮ್ಮ ದಿನಾ ಸಂಜೆ ಕೇಳುತ್ತಾಳೆ.

"ಸರಿಯಾಗಿದೆಯಮ್ಮ."

"ನೋಡಿ ಹೇಳ್ತಿದ್ದೀಯೋ, ಕೂತಲ್ಲಿಂದ್ಲೇ ಹೇಳ್ತಿದ್ದೀಯೋ?"

ಅವನು ಹೊಲಿಯುವುದನ್ನು ಬಿಟ್ಟು, ಎದ್ದು ಹೋಗಿ ನೋಡುತ್ತಾನೆ.